ಮೂವರಿಗೊಂದು ರೂಮು

ನಮ್ಮ ಕಡೆ ಹೋಟೆಲು ಎಂದರೆ ಇಡ್ಲಿ, ದೋಸೆ ಸಿಗುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು ಎನ್ನುತ್ತೇವೆ. ಮದುವೆಗೆ ಹೋದರೆ ಛತ್ರದ ಜಮಖಾನ, ಯಾತ್ರೆಗೆ ಹೋದರೆ ದೇವಸ್ಥಾನದ ವಸತಿಗೃಹ, ಪೇಟೆಗೆ ಹೋದರೆ ನೆಂಟರ ಮನೆ. ಇಷ್ಟರಲ್ಲೇ ಅರ್ಧ ಆಯುಸ್ಸು ಕಳೆದ ಎಷ್ಟೋ ತಂದೆ ತಾಯಂದಿರಿಗೆ ದುಡ್ಡು ಕೊಟ್ಟು ರೂಮು ಹಿಡಿಯುವ ಪ್ರಸಂಗ ಮೊದಲ ಸಲ ಬರುವುದು ಮಗನಿಗೋ ಮಗಳಿಗೋ ಹದಿನೆಂಟು ತುಂಬುವ ಹೊತ್ತಿಗೆ. ಪ್ರವೇಶ ಪರೀಕ್ಷೆ ಬರೆಸಬೇಕು, ಸೀಟು ಸಿಕ್ಕ ಮೇಲೆ ಮೂಲ ದಾಖಲೆ ಹಿಡಿದು ಕಾಲೇಜಿಗೆ ಹಾಜರಾಗಬೇಕು, ಹಾಸ್ಟೆಲಿಗೆ ಸೇರಿಸಿ ಹಾಸಿಗೆ ಬಕೆಟ್ಟು ಕೊಡಿಸಿ ಬರಬೇಕು. 1994ರಲ್ಲಿ ಸಿಇಟಿ ಶುರುವಾದ ಮೇಲೆ ಬಹಳ ವರ್ಷ ಸೀಟು ಆರಿಸಿಕೊಳ್ಳುವುದಕ್ಕೂ ಮನೆಮಂದಿ ಬೆಂಗಳೂರಿಗೆ ಬರಬೇಕಿತ್ತು. ಈಗ ಆ ಕೆಲಸ ಊರಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಮುಗಿಯುತ್ತದೆ. ಆದರೂ ಪ್ರಯಾಣ ಪೂರ್ತಿ ತಪ್ಪಿಲ್ಲ. ಫೀಸಿಗೆಂದು ಕೂಡಿಟ್ಟ ಹಣದಲ್ಲಿ ರೂಮಿನ ಬಾಡಿಗೆಗೆ ಎಷ್ಟು ತೆಗೆಯುವುದು ಎಂಬ ತಲೆಬಿಸಿಯೂ ತಪ್ಪಿಲ್ಲ.

ಮನೆಯಲ್ಲಿ ಅವಳಿನ್ನೂ ಮಗು. ಲಾಡ್ಜಿನ ರಿಜಿಸ್ಟರಿನಲ್ಲಿ ಮಾತ್ರ ಮೂರನೆಯ ದೊಡ್ಡ ಆಳು. ಲೆಕ್ಕ ತಪ್ಪುವುದು ಬಹುಪಾಲು ಇಲ್ಲಿಯೇ.

ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ದಿನದ ಲೆಕ್ಕ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿತಾಯ? ನಮ್ಮ ನಗರಗಳಲ್ಲಿ ಎರಡು ಪದ್ಧತಿಗಳಿವೆ. ಹಳೆಯ ಲಾಡ್ಜುಗಳಲ್ಲಿ ಹೆಚ್ಚಾಗಿ 24 ಗಂಟೆಯ ಲೆಕ್ಕ. ನೀವು ಬೆಳಿಗ್ಗೆ 6ಕ್ಕೆ ಬೀಗದ ಕೈ ತೆಗೆದುಕೊಂಡರೆ ಮರುದಿನ ಬೆಳಿಗ್ಗೆ 6ರವರೆಗೆ ರೂಮು ನಿಮ್ಮದು. ಇನ್ನೊಂದು ಕಡೆ ಮಧ್ಯಾಹ್ನ 12ರ ಲೆಕ್ಕ. ನೀವು ಯಾವಾಗ ಬಂದಿರೋ ಅದು ಮುಖ್ಯವಲ್ಲ, ಹನ್ನೆರಡು ಹೊಡೆದರೆ ಒಂದು ದಿನ ಮುಗಿಯಿತು. ಹೊಸ ಹೋಟೆಲುಗಳಲ್ಲಿ, ಮೊಬೈಲ್ ಮೂಲಕ ಕಾದಿರಿಸುವ ಕಡೆಗಳಲ್ಲಿ ಸಾಮಾನ್ಯವಾಗಿ ಇದೇ ರೂಢಿ.

ವಿಜಯಪುರದಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸು ಹತ್ತಿದ ಮೂವರು ಬೆಳಿಗ್ಗೆ ಐದೂವರೆ, ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ ಎನ್ನಿ. ಸ್ನಾನ ಮಾಡಿ ತಿಂಡಿ ತಿಂದು ಹತ್ತಕ್ಕೆ ಕಾಲೇಜು ಮುಟ್ಟಬೇಕು, ಕೆಲಸ ಮುಗಿಸಿ ರಾತ್ರಿ 9ರ ಬಸ್ಸು ಹಿಡಿಯಬೇಕು. ಸುಮ್ಮನೆ ಲೆಕ್ಕಕ್ಕೆ, ಮಧ್ಯಾಹ್ನದ ಪದ್ಧತಿಯ ಹೋಟೆಲಿನಲ್ಲಿ ಬಾಡಿಗೆ 900 ರೂಪಾಯಿ, 24 ಗಂಟೆಯ ಲಾಡ್ಜಿನಲ್ಲಿ 1,200 ಎಂದುಕೊಳ್ಳಿ. ಮೊದಲನೆಯದೇ ಅಗ್ಗ ಎಂದು ಅಲ್ಲಿಗೆ ಹೋದರೆ ಏನಾಗುತ್ತದೆ? ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಒಂದು ದಿನದ ಬಾಡಿಗೆ, 12ರಿಂದ ರಾತ್ರಿಯವರೆಗೆ ಇನ್ನೊಂದು ದಿನದ ಬಾಡಿಗೆ, ಒಟ್ಟು 1,800. ಬೇಡವೆಂದರೆ ಹನ್ನೆರಡರವರೆಗೆ ಸೋಫಾದ ಮೇಲೆ ಚೀಲ ಕಾಯುತ್ತಾ ಕೂರಬೇಕು, ಮುಖ ತೊಳೆಯದೆ ಕಾಲೇಜಿಗೆ ಹೋಗಬೇಕು. 1,200ರ ಲಾಡ್ಜಿನಲ್ಲಿ ಒಂದೇ ಬಾಡಿಗೆಗೆ ಇಡೀ ದಿನ ಮುಗಿಯುತ್ತದೆ. ಕೆಲವು ಹೋಟೆಲಿನವರು ಸ್ವಲ್ಪ ಹೆಚ್ಚಿಗೆ ಪಡೆದು ಬೇಗನೆ ರೂಮು ಬಿಟ್ಟುಕೊಡುವುದೂ ಉಂಟು. ಅದನ್ನು ಹಿಂದಿನ ದಿನವೇ ಫೋನಿನಲ್ಲಿ ಕೇಳಬೇಕೇ ಹೊರತು ಚೀಲ ಹೊತ್ತು ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದಲ್ಲ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರ ಮುಖ ನೋಡಿದರೆ ಕೌಂಟರಿನವನಿಗೆ ಗೊತ್ತಾಗುತ್ತದೆ, ಇವರು ಬೇರೆ ಕಡೆ ಹೋಗುವುದಿಲ್ಲ ಅಂತ.

ಪರೀಕ್ಷೆಗೆ ಬರುವವರಿಗೆ ಇದೇ ಲೆಕ್ಕ ಸ್ವಲ್ಪ ಬೇರೆ. 2025ರಲ್ಲಿ ನೀಟ್ ಪರೀಕ್ಷೆ ನಡೆದದ್ದು ಮಧ್ಯಾಹ್ನ 2ರಿಂದ 5ರವರೆಗೆ, ಒಂದೂವರೆಗೆ ಗೇಟು ಬಂದ್. ಮಧ್ಯಾಹ್ನ ಹನ್ನೆರಡಕ್ಕೆ ರೂಮು ಬಿಡಿಸುವ ಹೋಟೆಲಿನಲ್ಲಿದ್ದರೆ ಸರಿಯಾಗಿ ಹೊರಡುವ ಗಡಿಬಿಡಿಯಲ್ಲೇ ಬಟ್ಟೆಬರೆ ಕಟ್ಟಬೇಕು. ಚೀಲವನ್ನು ಕೇಂದ್ರದ ಒಳಗೆ ಬಿಡುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅಪ್ಪ ಅಮ್ಮ ಮೂರು ಚೀಲ ಹಿಡಿದು ಕಾಂಪೌಂಡಿನ ನೆರಳು ಹುಡುಕಬೇಕು. ಹಿಂದಿನ ಸಂಜೆ ಏಳಕ್ಕೆ 24 ಗಂಟೆಯ ಲಾಡ್ಜಿನಲ್ಲಿ ರೂಮು ಹಿಡಿದರೆ ಪರೀಕ್ಷೆಯ ದಿನ ಸಂಜೆ ಏಳರವರೆಗೆ ಅದು ಕೈಯಲ್ಲಿರುತ್ತದೆ. ಹುಡುಗಿಯನ್ನು ಗೇಟಿನವರೆಗೆ ಬಿಟ್ಟು ತಾಯಿ ವಾಪಸು ಬಂದು ಎರಡು ಗಂಟೆ ಕಾಲು ಚಾಚಬಹುದು. ಊರಿನಿಂದ ಹೊರಡುವ ಬಸ್ಸನ್ನೇ ಈ ಲೆಕ್ಕಕ್ಕೆ ಹೊಂದಿಸಿಕೊಂಡರೆ ಒಂದು ದಿನದ ಬಾಡಿಗೆಯಲ್ಲಿ ಪರೀಕ್ಷೆ ಮುಗಿಯುತ್ತದೆ. ಬೆಳಗಿನ ಪಾಳಿಯ ಪರೀಕ್ಷೆಯಾದರೆ, ಜೆಇಇ ಮೇನ್‌ನ ಮೊದಲ ಪಾಳಿ 9 ಗಂಟೆಗೇ ಇರುತ್ತದಲ್ಲ, ಆಗ ಕೇಳಬೇಕಾದದ್ದು ಬಿಸಿನೀರಿನ ಸಮಯ. ‘24 ಗಂಟೆ ಬಿಸಿನೀರು’ ಎಂದು ಬೋರ್ಡು ಹಾಕಿದ ಕಡೆಯೂ ಬೆಳಿಗ್ಗೆ 6ಕ್ಕೆ ಮೊದಲು ನಲ್ಲಿಯಲ್ಲಿ ತಣ್ಣೀರೇ ಬರುವುದುಂಟು. ರೂಮಿಗೆ ಹೋದ ಕೂಡಲೇ ಒಮ್ಮೆ ನಲ್ಲಿ ತಿರುಗಿಸಿ ನೋಡುವುದು ಒಳ್ಳೆಯದು.

ಇನ್ನು ಮೂರನೆಯ ಆಳಿನ ವಿಷಯ. ಡಬಲ್ ರೂಮು ಎಂದರೆ ಇಬ್ಬರಿಗೆ. ಐದಾರು ವರ್ಷದ ಮಗುವಾದರೆ ಸುಮ್ಮನೆ ಬಿಡುತ್ತಾರೆ. ಹದಿನೆಂಟಾದವರಿಗೆ ‘ಎಕ್ಸ್‌ಟ್ರಾ ಬೆಡ್’ ಎಂದು ದಿನಕ್ಕೆ ಇಷ್ಟು ಎಂದು ಸೇರಿಸುತ್ತಾರೆ. ಮೊಬೈಲಿನಲ್ಲಿ ಕಾದಿರಿಸುವಾಗ ಇಬ್ಬರು ದೊಡ್ಡವರು, ಒಂದು ಮಗು ಎಂದು ತುಂಬಿಸಿ ಅಲ್ಲಿ ಆರಡಿ ಎತ್ತರದ ಮಗನನ್ನು ನಿಲ್ಲಿಸಿದರೆ ಕೌಂಟರಿನಲ್ಲಿ ಮಾತು ಬೆಳೆಯುವುದು ಖಂಡಿತ. ಮೂವರು ದೊಡ್ಡವರು ಎಂದೇ ಬರೆಯಿರಿ, ಆಮೇಲೆ ತೋರಿಸುವ ಬಾಡಿಗೆಯೇ ನಿಜವಾದ ಬಾಡಿಗೆ.

ಈ ಎಕ್ಸ್‌ಟ್ರಾ ಬೆಡ್ ಎಂಬುದು ಬೆಡ್ಡಲ್ಲ ಎನ್ನುವುದು ಹೋದವರಿಗೆಲ್ಲ ಗೊತ್ತು. ಸಾಧಾರಣ ಲಾಡ್ಜಿನಲ್ಲಿ ಅದು ಮಂಚ ಮತ್ತು ಬಾತ್‌ರೂಮಿನ ಬಾಗಿಲ ನಡುವೆ ನೆಲದ ಮೇಲೆ ಹಾಸುವ ಒಂದು ತೆಳು ಹಾಸಿಗೆ, ಒಂದು ದಿಂಬು, ಒಂದು ಹೊದಿಕೆ. ಅದರ ಮೇಲೆ ಮಲಗುವವರು ಯಾರು? ಮಗಳಿಗೆ ನಾಳೆ ಪರೀಕ್ಷೆ, ಅವಳು ಮಂಚದ ಮೇಲೆ. ಅಪ್ಪನಿಗೆ ಸೊಂಟ ನೋವು, ಅವರೂ ಮಂಚದ ಮೇಲೆ. ಉಳಿದದ್ದು ಅಮ್ಮ. ‘ನನಗೆ ನೆಲವೇ ಅಭ್ಯಾಸ’ ಎಂದು ಅವಳೇ ಮೊದಲು ಹೇಳಿಬಿಡುತ್ತಾಳೆ, ಅವಳ ಮಂಡಿಯ ನೋವನ್ನು ಆ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಏಳುವವರೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಆದ್ದರಿಂದ ಕೇಳುವಾಗ ‘ಎಕ್ಸ್‌ಟ್ರಾ ಬೆಡ್ ಇದೆಯಾ?’ ಎನ್ನಬೇಡಿ. ‘ಮೂರು ಮಂಚದ ರೂಮು ಇದೆಯಾ?’ ಎನ್ನಿ. ಹಳೆಯ ಲಾಡ್ಜುಗಳಲ್ಲಿ ಮೂರು ಮಂಚದ, ನಾಲ್ಕು ಮಂಚದ ರೂಮುಗಳಿರುತ್ತವೆ. ಹೊಸ ಹೋಟೆಲುಗಳಲ್ಲಿ ಇವು ಅಪರೂಪ. ಡಬಲ್ ರೂಮಿಗೆ ಹಾಸಿಗೆಯ ದುಡ್ಡು ಸೇರಿಸಿದರೆ ಆಗುವ ಮೊತ್ತಕ್ಕೂ ಇದಕ್ಕೂ ಎಷ್ಟೋ ಕಡೆ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಲಿಫ್ಟ್ ಇದೆಯೇ, ಇಲ್ಲದಿದ್ದರೆ ರೂಮು ಎಷ್ಟನೇ ಮಹಡಿ ಎನ್ನುವುದನ್ನೂ ಇದೇ ಉಸಿರಿನಲ್ಲಿ ಕೇಳಿಬಿಡಿ.

ಒಂದು ರೂಮೋ ಎರಡೋ ಎನ್ನುವ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮನೆಯಲ್ಲಿ ಒಂದೇ ಹಜಾರದಲ್ಲಿ ಐದು ಜನ ಮಲಗಿ ಬೆಳೆದವರಿಗೆ ಎರಡು ರೂಮು ಎಂದರೆ ದುಂದುಗಾರಿಕೆ ಎನ್ನಿಸುತ್ತದೆ, ಸಹಜ. ಆದರೆ ಮನೆಯ ಹಜಾರಕ್ಕೆ ಅಡುಗೆಮನೆ, ಜಗುಲಿ, ಹಿತ್ತಿಲು ಎಂದು ಬೇರೆ ಬೇರೆ ದಾರಿಗಳಿರುತ್ತವೆ. ಹತ್ತಡಿ ರೂಮಿನಲ್ಲಿ ಬಾಗಿಲು ಹಾಕಿದರೆ ಮುಗಿಯಿತು. ಬೆಳೆದ ಮಗಳಿಗೆ ಬಟ್ಟೆ ಬದಲಿಸಲು ಬಾತ್‌ರೂಮಿನ ಒದ್ದೆ ನೆಲವೇ ಗತಿ. ಮಗ ಓದಿಕೊಳ್ಳುತ್ತೇನೆಂದರೆ ಅಪ್ಪನಿಗೆ ಲೈಟಿನಲ್ಲಿ ನಿದ್ದೆ ಬರದು, ಅಪ್ಪನ ಗೊರಕೆಗೆ ಮಗನಿಗೆ ಬರದು.

ದುಡ್ಡಿನ ಮಾತು ಬೇರೆ. ಮಕ್ಕಳು ಮಲಗಿದರು ಎಂದುಕೊಂಡು ತಂದೆ ತಾಯಿ ಮೆಲುದನಿಯಲ್ಲಿ ಲೆಕ್ಕ ಹಾಕುತ್ತಾರೆ. ಮೊದಲ ವರ್ಷದ ಫೀಸಿಗೆ ಇಷ್ಟು, ಹಾಸ್ಟೆಲಿಗೆ ಇಷ್ಟು, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ, ಇಲ್ಲವೇ ಬಳೆ. ಹದಿನೆಂಟರ ಮಕ್ಕಳಿಗೆ ಹೊಸ ಜಾಗದಲ್ಲಿ ಅಷ್ಟು ಬೇಗ ನಿದ್ದೆ ಹತ್ತುವುದಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾರೆ. ಬೆಳಿಗ್ಗೆ ಎದ್ದು ‘ನನಗೆ ಈ ಕೋರ್ಸು ಅಷ್ಟೇನೂ ಇಷ್ಟ ಇಲ್ಲಪ್ಪಾ, ಊರಲ್ಲೇ ಬಿಎಸ್ಸಿ ಮಾಡ್ತೀನಿ’ ಎಂದರೆ ಆ ಮಾತು ಎಲ್ಲಿಂದ ಬಂತು ಎಂದು ದೊಡ್ಡವರಿಗೆ ಹೊಳೆಯುವುದಿಲ್ಲ. ಮಕ್ಕಳಿಗೆ ಮನೆಯ ಲೆಕ್ಕ ಗೊತ್ತಿರಬಾರದು ಎಂದು ನಾನು ಹೇಳುತ್ತಿಲ್ಲ, ಗೊತ್ತಿರಲೇಬೇಕು. ಅದನ್ನು ಊರಿನಲ್ಲಿ, ಹಗಲು ಹೊತ್ತಿನಲ್ಲಿ, ಎದುರು ಕೂರಿಸಿಕೊಂಡು ಹೇಳಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಅಂಥ ಮಾತು ಬಂದೇ ಬರುತ್ತದೆ ಎಂದಾದರೆ ಇಬ್ಬರೂ ಕೆಳಗಿಳಿದು ಒಂದು ಕಾಫಿ ಕುಡಿದು ಬನ್ನಿ.

ಎರಡು ರೂಮಿಗೆ ಎರಡು ಪಟ್ಟು ಖರ್ಚಾಗಲೇಬೇಕೆಂದಿಲ್ಲ. ತಾಯಿ ಮಗಳಿಗೆ ಒಂದು ಡಬಲ್, ಅಪ್ಪನಿಗೆ ಅದೇ ಮಹಡಿಯಲ್ಲಿ ಒಂದು ಸಿಂಗಲ್, ಅದೂ ಹೊರಗಡೆ ಬಾತ್‌ರೂಮ್ ಇರುವಂಥದ್ದು. ಕೆಲವು ಲಾಡ್ಜುಗಳಲ್ಲಿ ಗಂಡಸರಿಗೆ ಮಂಚದ ಲೆಕ್ಕದ ಡಾರ್ಮಿಟರಿ ಇರುತ್ತದೆ, ಅದು ಇನ್ನೂ ಅಗ್ಗ. ಎಕ್ಸ್‌ಟ್ರಾ ಬೆಡ್ಡಿನ ದುಡ್ಡು ಉಳಿಯುವುದರಿಂದ ನಿಜವಾಗಿ ಹೆಚ್ಚಾಗುವ ಖರ್ಚು ನೀವು ಹೆದರಿದಷ್ಟು ಇರಲಿಕ್ಕಿಲ್ಲ, ಕೂಡಿಸಿ ನೋಡಿ. ಮಗನೋ ಮಗಳೋ ಹೇಗಿದ್ದರೂ ದೊಡ್ಡವರು, ಯಾವುದು ಅನುಕೂಲ ಎಂದು ಅವರನ್ನೇ ಕೇಳಿದರೆ ತಪ್ಪೇನಿಲ್ಲ. ‘ನನಗೇನೂ ಬೇಡ, ಯಾವುದಾದ್ರೂ ಆಗುತ್ತೆ’ ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಬೇಕು. ಅದು ನಿಮ್ಮ ಜೇಬು ನೋಡಿ ಹೇಳಿದ ಉತ್ತರ.

ತಂದೆ ಮಗಳು ಇಬ್ಬರೇ ಬಂದಾಗಿನ ಒಂದು ಮುಜುಗರದ ಸಂಗತಿಯನ್ನು ಹೇಳದಿದ್ದರೆ ಈ ಬರಹ ಅರೆಯಾಗುತ್ತದೆ. ರೂಮು ಕೇಳುವ ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿಯನ್ನು ಕೇಳುವುದು ವಾಡಿಕೆ. ಕೇಳಲಿ, ಅದು ಅವರ ಕರ್ತವ್ಯ. ಆದರೆ ನಲವತ್ತೆಂಟರ ಗಂಡಸು, ಹದಿನೆಂಟರ ಹುಡುಗಿಯನ್ನು ಒಟ್ಟಿಗೆ ಕಂಡ ಕೂಡಲೇ ಕೌಂಟರಿನಲ್ಲಿ ಒಂದು ನೋಟ ಬೀಳುತ್ತದೆ. ಹೆಸರಿನ ಕೊನೆಯ ಭಾಗ ಇಬ್ಬರದೂ ಬೇರೆ ಇದ್ದರಂತೂ ಮುಗಿಯಿತು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುವುದರಿಂದ ಹೀಗಾಗುವುದು ಹೆಚ್ಚು. ಆ ನೋಟವನ್ನು ಆ ಹುಡುಗಿ ಬಹಳ ದಿನ ಮರೆಯುವುದಿಲ್ಲ. ಇದಕ್ಕೆ ಉಪಾಯ ಸರಳ. ಮೊದಲೇ ಫೋನು ಮಾಡಿ ‘ನಾನು, ನನ್ನ ಮಗಳು ಪರೀಕ್ಷೆಗೆ ಬರುತ್ತಿದ್ದೇವೆ’ ಎಂದು ಹೇಳಿ, ಮಾತನಾಡಿದವರ ಹೆಸರು ಕೇಳಿಟ್ಟುಕೊಳ್ಳಿ. ಆಧಾರ್ ಚೀಟಿಯ ವಿಳಾಸದ ಸಾಲಿನಲ್ಲಿ ತಂದೆಯ ಹೆಸರು ಇದ್ದರೆ ಸಾಕಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರುತ್ತದೆ, ಅದರ ಜೆರಾಕ್ಸು ಮೇಲುಗಡೆಯೇ ಇರಲಿ. ಆಧಾರಿನ ಪೂರ್ತಿ ಸಂಖ್ಯೆ ಕೊಡಲು ಮನಸ್ಸಿಲ್ಲದವರು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ತೆಗೆದಿಟ್ಟುಕೊಳ್ಳಬಹುದು. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸೂ ನಡೆಯುತ್ತವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಅದನ್ನು ಒಪ್ಪದವರೇ ಹೆಚ್ಚು.

ಎಂಥ ಲಾಡ್ಜು ಎಂದು ತಿಳಿಯಲು ಫೋಟೋಗಿಂತ ಕೆಳಗಿನ ಮಹಡಿ ನೋಡುವುದು ಮೇಲು. ಕೆಳಗೆ ಬಾರ್ ಇದ್ದರೆ ಮೇಲೆ ರೂಮು ಎಷ್ಟು ಚೆನ್ನಾಗಿದ್ದರೂ ರಾತ್ರಿ ಹನ್ನೊಂದರ ಗಲಾಟೆ ತಪ್ಪುವುದಿಲ್ಲ. ಕೆಳಗೆ ಸಸ್ಯಾಹಾರಿ ಹೋಟೆಲು ಇದ್ದರೆ ಮಿಕ್ಸಿ, ಗ್ರೈಂಡರು ಬೆಳಿಗ್ಗೆ ನಾಲ್ಕೂವರೆಗೇ ಏಳಿಸುತ್ತವೆ, ಆದರೆ ಆರಕ್ಕೆ ಬಿಸಿ ಇಡ್ಲಿ ಸಿಗುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ರಸ್ತೆಯ ಕಡೆಯ ರೂಮು ಬೇಡ, ಹಿಂದುಗಡೆಯದು ಕೊಡಿ ಎಂದು ಕೇಳಿದರೆ ಹೆಚ್ಚಿಗೆ ದುಡ್ಡು ಕೇಳುವವರಿಲ್ಲ.

ಕಾಲೇಜಿನ ಪಕ್ಕದಲ್ಲೇ ರೂಮು ಬೇಕೆಂಬ ಹಟ ಬೇಡ. ಪರೀಕ್ಷೆಯ ದಿನಗಳಲ್ಲಿ ಅಲ್ಲಿ ಬಾಡಿಗೆ ಏರಿರುತ್ತದೆ. ಬೆಂಗಳೂರಿನಲ್ಲಿ ಈಗ ಮೆಟ್ರೊ ನಿಲ್ದಾಣದ ಹತ್ತಿರ ಇದ್ದರೆ ಸಾಕು. ಹಸಿರು ಮತ್ತು ನೇರಳೆ ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಬಸವನಗುಡಿ ಕಡೆಗೆ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣ, ಬೆಂಗಳೂರು ವಿಶ್ವವಿದ್ಯಾಲಯದ ಕಡೆಗೆ ನೇರಳೆ ಮಾರ್ಗದ ಜ್ಞಾನಭಾರತಿ, ಎಲೆಕ್ಟ್ರಾನಿಕ್ ಸಿಟಿ ಕಡೆಗಾದರೆ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ. ತುಮಕೂರು ರಸ್ತೆಯಿಂದ ಬರುವ ಬಸ್ಸಿನವರು ಯಶವಂತಪುರದ ಸುತ್ತ ಇಳಿದರೂ ಹಸಿರು ಮಾರ್ಗ ಸಿಗುತ್ತದೆ, ಮೆಜೆಸ್ಟಿಕ್‌ವರೆಗೆ ಹೋಗಬೇಕೆಂದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ನಗರದ ಸಾಮಾನ್ಯ ಬಸ್ಸುಗಳಿಗೂ ಇದು ಉಂಟು, ಎಸಿ ಬಸ್ಸಿಗೆ ಇಲ್ಲ. ತಾಯಿ ಮಗಳ ಓಡಾಟಕ್ಕೆ ಹೀಗೆ ಉಳಿಯುವ ಹಣವನ್ನೇ ಮೂರು ಮಂಚದ ರೂಮಿಗೆ ಹಾಕಬಹುದಲ್ಲವೇ?

ಇನ್ನೂ ಅಗ್ಗದ ದಾರಿಗಳೂ ಇವೆ. ರೈಲಿನಲ್ಲಿ ಬರುವವರಿಗೆ ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮುಗಳಿವೆ. ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟು ಆನ್‌ಲೈನಿನಲ್ಲೇ ಕಾದಿರಿಸಬಹುದು. ಸಿಗುವುದು ಕಷ್ಟ, ಟಿಕೆಟ್ಟು ಮಾಡಿಸಿದ ದಿನವೇ ನೋಡಬೇಕು. ಬೆಂಗಳೂರು ರೈಲು ನಿಲ್ದಾಣದ ಹತ್ತಿರ ವರ್ತಕ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಶುರುವಾಯಿತು. ಪರಸ್ಥಳದಿಂದ ಬಂದವರಿಗೆ ತಂಗಲು, ವಿದ್ಯಾರ್ಥಿಗಳಿಗೆ ಇರಲು ಎಂದೇ ಅವರು ಆಸ್ತಿ ಬಿಟ್ಟುಹೋದದ್ದು. ಹೀಗೆ ಮಠ, ಸಮಾಜ, ಧರ್ಮಸಂಸ್ಥೆಗಳ ವಸತಿಗೃಹಗಳು ಮೈಸೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಕಡೆ ಇವೆ. ಒಂದೊಂದರ ನಿಯಮ ಒಂದೊಂದು ಬಗೆ, ಬಾಗಿಲು ಹಾಕುವ ಸಮಯವನ್ನು ಕೇಳದೆ ಹೋಗಬೇಡಿ. ಮೈಸೂರಿಗೆ ದಸರೆಯ ವಾರದಲ್ಲಿ ಕಾಲೇಜಿನ ಕೆಲಸ ಇಟ್ಟುಕೊಳ್ಳಲೇಬೇಡಿ, ಬಾಡಿಗೆ ಆಕಾಶದಲ್ಲಿರುತ್ತದೆ.

ನೆಂಟರ ಮನೆ ಇದೆಯಲ್ಲ ಎನ್ನುತ್ತೀರಿ. ಇದೆ, ಬಹಳ ಆತ್ಮೀಯರಾದರೆ ಅದಕ್ಕಿಂತ ಸುಖ ಇಲ್ಲ. ಅಷ್ಟೇನೂ ಆತ್ಮೀಯರಲ್ಲದಿದ್ದರೆ ಸ್ವೀಟ್ ಬಾಕ್ಸು, ಮಕ್ಕಳ ಕೈಗೆ ಐದುನೂರರ ನೋಟು, ಎರಡು ಹೊತ್ತು ಆಟೋ ಎಲ್ಲ ಸೇರಿ ಲಾಡ್ಜಿನ ಬಾಡಿಗೆ ದಾಟುತ್ತದೆ. ಮೇಲಾಗಿ ರಾತ್ರಿ ಊಟದ ಮುಂದೆ ‘ನಮ್ಮ ಪಕ್ಕದ ಮನೆಯ ಹುಡುಗಂಗೆ ಇಷ್ಟು ರ‍್ಯಾಂಕು ಬಂತು, ನಿಂದೆಷ್ಟಪ್ಪ?’ ಎಂಬ ಪ್ರಶ್ನೆಯನ್ನು ನಿಮ್ಮ ಮಗ ನುಂಗಬೇಕು.

ಕೊನೆಗೆ ಬಿಲ್ಲು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕೂ ಮೊದಲು ಶೇ 12 ಇತ್ತು. ಅಂದರೆ 1,200ರ ರೂಮಿಗೆ 60 ರೂಪಾಯಿ. ಇನ್ನೂ ಹನ್ನೆರಡೇ ಎನ್ನುವವರಿದ್ದರೆ ಬಿಲ್ಲು ಕೇಳಿ. ತೆರಿಗೆ ಪಡೆದ ಮೇಲೆ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ಸಂಖ್ಯೆ ಇರಬೇಕು. ಮುಂಗಡ ಕೊಟ್ಟರೆ ರಸೀದಿಯಲ್ಲಿ ರೂಮು ಹಿಡಿದ ಗಂಟೆಯನ್ನೂ ಬರೆಸಿಕೊಳ್ಳಿ, 24 ಗಂಟೆಯ ಲೆಕ್ಕದಲ್ಲಿ ಜಗಳ ಬರುವುದು ಆ ಗಂಟೆಯ ಮೇಲೆಯೇ. ಮೂಲ ದಾಖಲೆಗಳ ಫೈಲನ್ನು ಮಾತ್ರ ಯಾವ ರೂಮಿನಲ್ಲೂ ಬಿಟ್ಟು ಹೊರಗೆ ಹೋಗಬೇಡಿ. ಊಟಕ್ಕೆ ಹೋದರೂ ಅದು ಕಂಕುಳಲ್ಲೇ ಇರಲಿ.

ಲಾಡ್ಜಿನ ವಿಸಿಟಿಂಗ್ ಕಾರ್ಡು ಒಂದನ್ನು ಮಗಳಿಗೋ ಮಗನಿಗೋ ತೋರಿಸಿ, ವಿಳಾಸ ಬಾಯಿಪಾಠ ಮಾಡಿಸಿ. ಪರೀಕ್ಷೆ ಮುಗಿಸಿ ಹೊರಗೆ ಬರುವಾಗ ಅವರ ಕೈಯಲ್ಲಿ ಫೋನು ಇರುವುದಿಲ್ಲ, ಗೇಟಿನ ಮುಂದೆ ಸಾವಿರ ಜನ ಇರುತ್ತಾರೆ. ಯಾವ ಗೇಟು, ಯಾವ ಮರದ ಕೆಳಗೆ ನಿಂತಿರುತ್ತೀರಿ ಎಂದು ಬೆಳಿಗ್ಗೆಯೇ ತೋರಿಸಿ, ಐದು ಗಂಟೆಗೆ ಅಲ್ಲೇ ನಿಂತಿರಿ.